ಗಟ್ಟಿಯಾಗಿ ಓದುವ ಹುಡುಗಿ

೧೦ ಜನವರಿ ೨೦೦೫, ಸೋಮವಾರ, ಬೈಲಹೊಂಗಲ

ಇಂದು ನನ್ನ ಇನ್‌ಸ್ಟಿಟ್ಯೂಟಿನಿಂದ ಕಳ್ಳಮಾಲು ಹೊರಗೆ ಹೋಯಿತು. ಕಂಪ್ಯೂಟರು ಮಾರಿದ ಆಸಾಮಿ "ಎಲ್ಲಾ ಹಾಕಿ ಕೊಟ್ಟೇನ್ರಿ, ಚಾಲೂ ಮಾಡೋದಷ್ಟ ನಿಮ್ಮ ಕೆಲಸ" ಎಂದು ಹೇಳಿ ಹೋಗಿದ್ದ. ಅವನು ಹಾಕಿದ್ದು ನಕಲು ವಿಂಡೋಸ್ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಜೀವಮಾನವೆಲ್ಲ ಟೈಪಿಂಗ್ ಕಲಿಸಿ ಒಬ್ಬರ ಗುಂಡುಸೂಜಿ ಮುಟ್ಟದವನು ನಾನು. ಈ ವಯಸ್ಸಿನಲ್ಲಿ ಕಳ್ಳ ಅನ್ನಿಸಿಕೊಳ್ಳಬೇಕೇ?

ದಾರಿ ತೋರಿಸಿದವನು ಸುಭಾಸ. ಇದೇ ಮಹಡಿಯ ಮೇಲೆ ನನ್ನ ಫೂಟಪಟ್ಟಿಯ ಏಟು ತಿಂದು ಟೈಪಿಂಗ್ ಕಲಿತ ಹುಡುಗ, ಈಗ ಧಾರವಾಡದಲ್ಲಿ ಕಾಲೇಜು ಮಾಸ್ತರ. ವಿಂಡೋಸಿನ ಬದಲು ಹಾಕಲು ಲಿನಕ್ಸ್ ಸಿ.ಡಿ.ಗಳನ್ನು ತಂದು ಮೇಜಿನ ಮೇಲಿಟ್ಟ.

"ಇದು ಯಾರೊಬ್ಬರ ಸೊತ್ತೂ ಅಲ್ರಿ ಸರ. ನಕಲ ಮಾಡ್ರಿ, ಹಂಚ್ರಿ, ಬಿಚ್ಚಿ ನೋಡ್ರಿ. ಯಾರೂ ಬ್ಯಾಡನ್ನಂಗಿಲ್ಲ."

"ಪುಕ್ಕಟೆ ಸಿಗೋದು ಬಾಳಿಕಿ ಬರತೈತೇನೋ?"

"ಅದು ಕಲಿಸೋ ಮಾಸ್ತರ ಮ್ಯಾಲ ಐತ್ರಿ."

ಹೊಗಳಿದರೆ ನಾನು ಕರಗುತ್ತೇನೆಂದು ಅವನಿಗೆ ಗೊತ್ತು. ಸಂಜೆಯೊಳಗೆ ಎಲ್ಲ ಯಂತ್ರಗಳಿಗೂ ಹಾಕಿ ಹೋದ. ಹಾಕುವ ಕ್ರಮವನ್ನು ನಾನು ಪಕ್ಕದಲ್ಲಿ ನಿಂತು ಬಾಯಿಪಾಠ ಮಾಡಿಕೊಂಡೆ: ಎಲ್ಲಿ ಕೆಳಗಿನ ಬಾಣ, ಎಲ್ಲಿ ಎಂಟರ್, ಎಷ್ಟು ಸಲ. ಪರದೆಯ ಅಕ್ಷರಗಳು ತೀರ ಸಣ್ಣವು. ಮನುಷ್ಯರಿಗೆ ಬರೆದರೋ ಇರುವೆಗಳಿಗೆ ಬರೆದರೋ ತಿಳಿಯಲಿಲ್ಲ. ದೀಪಾವಳಿಗೆ ಮಾಡಿಸಿದ ಈ ಕನ್ನಡಕವೂ ಸರಿಯಿಲ್ಲ. ಅಂಗಡಿಯವನು ಬೇರೆ ಯಾರದೋ ನಂಬರು ಹಾಕಿದ್ದಾನೆ.

೧೨ ಜನವರಿ, ಬುಧವಾರ

ಹೊಸಬರ ಮೊದಲ ಪಾಠ. ಎಲ್ಲರೂ ಟೈಪ್‌ರೈಟರಿನ ಮೇಲೆ ಕೈ ಪಳಗಿಸಿಕೊಂಡವರು. ಇದೇ ದೊಡ್ಡ ತಾಪತ್ರಯವಾಯಿತು.

ಝೆರಾಕ್ಸ್ ಅಂಗಡಿಯ ಕಲ್ಮೇಶ ಒಂದು ಸಾಲು ಮುಗಿಸಿ, ರೂಢಿಯಂತೆ ಎಡಗೈ ಎತ್ತಿ ರೋಲರನ್ನು ತಳ್ಳಲು ಹೋದ. ಅಲ್ಲಿ ರೋಲರು ಎಲ್ಲಿದೆ? ಮಾನಿಟರಿಗೆ ಕೊಟ್ಟ ಏಟಿಗೆ ಅದು ಮೇಜಿನ ಅಂಚಿಗೆ ಬಂತು. ಆಮೇಲೆ ಪಾಸ್‌ವರ್ಡ್. ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಹೊಡೆದರೆ ಏನೂ ಮೂಡುವುದಿಲ್ಲ, ಒಂದು ಚುಕ್ಕೆಯೂ ಇಲ್ಲ. ಇವರಿಗೆ ಅಕ್ಷರ ಮೂಡಲಿಲ್ಲವೆಂದರೆ ರಿಬ್ಬನ್ನಿನ ಶಾಯಿ ತೀರಿದೆ ಎಂದೇ ಅರ್ಥ. ಇನ್ನೂ ಜೋರಾಗಿ ಕುಟ್ಟಿದರು. ಇಡೀ ಕೋಣೆ ಅವಲಕ್ಕಿ ಕುಟ್ಟುವ ಮನೆಯಾಯಿತು.

"ಕಾಣಂಗಿಲ್ಲ, ಆದ್ರ ಅದು ತಗೊಳ್ಳಾಕತ್ತೈತಿ. ನಂಬಿ ಹೊಡೀರಿ," ಎಂದೆ.

"ಕಾಣದ್ದನ್ನ ಹೆಂಗ ನಂಬೋದ್ರಿ ಸರ?" ಎಂದ ಕಲ್ಮೇಶ.

"ಮುಸುಕಿನ್ಯಾಗ ಟೈಪಿಂಗ್ ಹೆಂಗ ಕಲಿತಿ?"

ಅದು ನನ್ನ ಹಳೆಯ ಕ್ರಮ. ನನ್ನ ಹೆಂಡತಿ ಚನ್ನವ್ವ ಹೊಲಿದುಕೊಟ್ಟ ಕರಿಬಟ್ಟೆಯ ಒಂದು ತುದಿ ಕೊರಳಿಗೆ, ಇನ್ನೊಂದು ತುದಿ ಯಂತ್ರಕ್ಕೆ. ಕಲಿಯುವವರಿಗೆ ತಮ್ಮ ಬೆರಳು ಕಾಣಬಾರದು. ಇಣುಕಿದರೆ ಗೆಣ್ಣಿನ ಮೇಲೆ ಫೂಟಪಟ್ಟಿ. ಇಂದೂ ಇಬ್ಬರಿಗೆ ಬಿತ್ತು. ಬೀಳಲೇಬೇಕು, ಇಲ್ಲದಿದ್ದರೆ ವಿದ್ಯೆ ಹತ್ತುವುದಿಲ್ಲ.

ನೇಸರಗಿಯಿಂದ ಬರುವ ಪ್ರಜ್ಞಾ ಎಂಬ ಹುಡುಗಿಯದು ಒಳ್ಳೆಯ ಕೈ. ಬಿ.ಎ. ಮುಗಿಸಿದ್ದಾಳೆ, ಅಪ್ಪನದು ಸೈಕಲ್ ದುರಸ್ತಿ ಅಂಗಡಿ. ಹಾಜರಿ ಕರೆದಾಗ "ಯಸ್ ಸರ" ಎನ್ನದೆ ಸುಮ್ಮನೆ ಕೈ ಎತ್ತಿ ಕೂತಿದ್ದಳಂತೆ. ನಾನು ಗೈರುಹಾಜರಿ ಹಾಕಿದೆ. ಬಾಯಿ ಇದೆಯಲ್ಲ, ಹೇಳಬೇಕು.

೧೯ ಜನವರಿ, ಬುಧವಾರ

ಇವರಿಗೆಲ್ಲ ಮೌಸ್ ಬೇಕಂತೆ. ಬಣ್ಣದ ಚಿತ್ರ ಒತ್ತಬೇಕಂತೆ. ನಾನು ಕೊಡುವುದಿಲ್ಲ. ಆಜ್ಞೆಯನ್ನು ಅಕ್ಷರದಲ್ಲಿ ಬರೆದು ಕೊಡುವವನಿಗೆ ಯಂತ್ರ ತಲೆಬಾಗುತ್ತದೆ. ಚಿತ್ರ ಒತ್ತುವವನು ಯಂತ್ರದ ಮುಂದೆ ತಾನೇ ತಲೆಬಾಗುತ್ತಾನೆ. ಈ ಮಾತನ್ನು ತರಗತಿಯಲ್ಲೂ ಹೇಳಿದೆ, ಚೆನ್ನಾಗಿ ಬಂತು. ಅದೂ ಅಲ್ಲದೆ ಆ ಬಾಣದ ಗುರುತು ಪರದೆಯ ಅಂಚಿಗೆ ಹೋಗಿ ಅಡಗಿ ಕುಳಿತರೆ ಹುಡುಕುವವರಾರು.

ಮೊದಲ ಆಜ್ಞೆ ಪಿ ಡಬ್ಲ್ಯೂ ಡಿ. ಹೊಡೆದರೆ ನಾವು ಈಗ ಎಲ್ಲಿದ್ದೇವೆ ಎಂದು ಯಂತ್ರ ಹೇಳುತ್ತದೆ. "ಅದು ರಸ್ತೆ ಮಾಡೋರ ಇಲಾಖಿ ಅಲ್ರಿ ಸರ?" ಎಂದು ಕಲ್ಮೇಶ ಎಲ್ಲರನ್ನೂ ನಗಿಸಿದ. ದಾರಿ ತಪ್ಪಿತು ಅನ್ನಿಸಿದ ಕೂಡಲೇ ನಾಚದೆ ಇದನ್ನು ಕೇಳಿ ಎಂದು ಹೇಳಿಕೊಟ್ಟೆ.

ಪ್ರಜ್ಞಾಳಿಗೆ ಒಂದು ಕೆಟ್ಟ ಚಟ ಹತ್ತಿದೆ. ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ. ನಾನು ಯಾರ ಹಿಂದೆ ಹೋಗಿ ನಿಂತರೂ ಈಕೆ ಎದ್ದು ಬಂದು ಅವರ ಪರದೆಯನ್ನೂ ಓದುತ್ತಾಳೆ. "ಯಾಕಬೇ, ಹರಿಕಥಿ ಮಾಡಾಕತ್ತೀಯೇನ?" ಎಂದೆ. "ಇಂಗ್ಲಿಷ್ ರೂಢಿ ಆಗ್ಲಿ ಅಂತ್ರಿ ಸರ," ಎಂದಳು. ಸರಿ, ಓದಲಿ. ತಪ್ಪು ಎಲ್ಲಿದೆ ಎಂದು ನನಗೂ ಬೇಗ ಸಿಗುತ್ತದೆ.

೨೮ ಜನವರಿ, ಶುಕ್ರವಾರ

ಕೆಟ್ಟ ದಿನ.

ಇನ್‌ಸ್ಟಿಟ್ಯೂಟಿನಲ್ಲಿ ಯಾರೋ ಬೆಂಚು ಸರಿಸಿದ್ದರು, ಮೊಣಕಾಲು ಬಡಿಯಿತು. ಎಲ್ಲರನ್ನೂ ಬೈದೆ. ಯಾರೂ ಸರಿಸಿಲ್ಲವೆಂದರು. ಸುಳ್ಳು.

ಮಧ್ಯಾಹ್ನ ಸವದತ್ತಿಗೆ ಹೋಗಬೇಕಿತ್ತು. ಅಲ್ಲಿನ ಹೆಣ್ಣುಮಕ್ಕಳ ಪ್ರೌಢಶಾಲೆಯ ಹೆಡ್‌ಬಾಯಿ ಅನ್ನಪೂರ್ಣಾ ಅವರು ಹೇಳಿಕಳಿಸಿದ್ದರು. ಸವದತ್ತಿಯ ಬಸ್ಸೆಂದು ಹತ್ತಿ ಕೂತೆ. ಊರು ದಾಟಿದ ಮೇಲೆ ಕಂಡಕ್ಟರ "ದೊಡವಾಡ, ದೊಡವಾಡ" ಎಂದ. ಬೋರ್ಡು ಬರೆಯುವವರಿಗೆ ಸುಣ್ಣ ಬಣ್ಣ ಏನೂ ಗತಿಯಿಲ್ಲವೇ? ನಡುದಾರಿಯಲ್ಲಿ ಇಳಿಯಲು ನಾಚಿಕೆಯಾಗಿ, ದೊಡವಾಡದಲ್ಲೇ ಕೆಲಸವಿದ್ದವನ ಹಾಗೆ ಹೋಗಿ, ಚಹಾ ಕುಡಿದು, ಬಂದ ಬಸ್ಸಿಗೇ ತಿರುಗಿ ಬಂದೆ.

ಚನ್ನವ್ವ ಮನೆಯ ಮೆಟ್ಟಿಲುಗಳ ಅಂಚಿಗೆಲ್ಲ ಸುಣ್ಣ ಬಳಿದಿದ್ದಾಳೆ. ಯಾವ ಹಬ್ಬವೂ ಹತ್ತಿರವಿಲ್ಲ. ಈ ಹೆಂಗಸಿಗೆ ಕೈ ಸುಮ್ಮನಿರುವುದಿಲ್ಲ. "ಹುಬ್ಬಳ್ಳಿಗಿ ಹೋಗಿ ಒಮ್ಮಿ ತೋರಿಸ್ಕೊಂಡ ಬರೂಣ್ರಿ" ಎಂದು ಮತ್ತೆ ಶುರು ಮಾಡಿದಳು. ಏನು ತೋರಿಸುವುದು? ಕನ್ನಡಕದ ಅಂಗಡಿಯವನ ತಪ್ಪಿಗೆ ಆಸ್ಪತ್ರೆ ಏಕೆ?

೫ ಫೆಬ್ರವರಿ, ಶನಿವಾರ

ಅನ್ನಪೂರ್ಣಾ ಬಾಯಿಯವರು ತಾವೇ ಬಂದರು. ಶಾಲೆಗೆ ಯಾರೋ ಹಳೆಯ ಕಂಪ್ಯೂಟರುಗಳನ್ನು ದಾನ ಕೊಟ್ಟಿದ್ದಾರೆ, ಹುಡುಗಿಯರಿಗೆ ಲಿನಕ್ಸ್ ಕಲಿಸಬೇಕೆಂದಿದ್ದಾರೆ. ಮೊದಲು ತಮ್ಮ ಕೋಣೆಯ ಯಂತ್ರಕ್ಕೆ ಹಾಕಿಕೊಡಬೇಕು. ಅದರಲ್ಲಿರುವ ಹಳೆಯದೂ ಹಾಗೇ ಇರಬೇಕು.

"ಅದರಾಗ ನನ್ನ ಪದಗಳು ಅದಾವ್ರಿ ಮಾಸ್ತರ," ಎಂದರು. "ಬೀಸುಕಲ್ಲಿನ ಪದ. ನಮ್ಮ ಓಣಿ ಲಗಮವ್ವ ಹಾಡಿದ್ದು. ಎರಡು ಬ್ಯಾಸಿಗಿ ಕುಂತು ಟೈಪ್ ಮಾಡೇನಿ."

ಟೇಪಿನಲ್ಲಿ ಇರಬೇಕಲ್ಲ ಎಂದು ಕೇಳಿದೆ. ಇಲ್ಲವಂತೆ. ಇದ್ದದ್ದು ಒಂದೇ ಕ್ಯಾಸೆಟ್ಟು. ಒಂದು ಪದ ಟೈಪಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಪದ. ನಮ್ಮ ಕಡೆಯ ಹೆಂಗಸರ ಉಳಿತಾಯದ ಬುದ್ಧಿ.

ಅವರಿಗೆ ಧೈರ್ಯ ಹೇಳಿದೆ. ಡಿಸ್ಕು ಎಂದರೆ ಹೊಲದ ಹಾಗೆ, ನಡುವೆ ಬದು ಹಾಕಿ ಪಾಲು ಮಾಡುತ್ತೇವೆ, ನಿಮ್ಮ ಪಾಲಿನಲ್ಲಿ ನಮ್ಮ ಕುಂಟೆ ಬರುವುದಿಲ್ಲ ಎಂದೆ. ಅವರ ಮುಖ ಅರಳಿರಬೇಕು, ದನಿ ಹಗುರಾಯಿತು. ಜೂನ್‌ನಿಂದ ಶಾಲೆಗೆ ಒಬ್ಬ ಕಂಪ್ಯೂಟರ್ ಶಿಕ್ಷಕಿ ಬೇಕು, ನಿಮ್ಮಲ್ಲಿ ಯಾರಿದ್ದಾರೆ ಎಂದು ಕೇಳಿದರು. ನಾನು ಪ್ರಜ್ಞಾಳ ಹೆಸರು ಹೇಳಿದೆ. ಆಮೇಲೆ ಪರದೆ ಓದುವಾಗ ಆಕೆಯ ದನಿ ನಡುಗುತ್ತಿತ್ತು.

ಅಪ್ಪನ ನೆನಪು ಇಡೀ ದಿನ ಕಾಡಿತು. ಅಪ್ಪನದು ಬಟ್ಟೆಯ ಅಂಗಡಿ. ಅವನ ಕಣ್ಣು ಅಂಚಿನಿಂದ ಹೋಯಿತು, ಪಕ್ಕದಲ್ಲಿ ನಿಂತವರು ಮೊದಲು ಕಾಣದಾದರು. ಒಂದು ದಿನ ಹಸಿರು ಸೀರೆ ಕೇಳಿದವಳಿಗೆ ಕರಿ ಸೀರೆ ಹಾಸಿದ. ಅಂದೇ ನಮ್ಮ ಅಣ್ಣ ಅವನ ಸೊಂಟದ ಬೀಗದಕೈ ಬಿಚ್ಚಿಕೊಂಡ. ಆಮೇಲೆ ಅಪ್ಪ ಬದುಕಿದ್ದು ಬಹಳ ವರ್ಷ, ಆದರೆ ಸಾಹುಕಾರ ಎಂದು ಕರೆದವರು ಯಾರೂ ಇಲ್ಲ.

ಇದನ್ನು ಏಕೆ ಬರೆದೆನೋ.

೧೨ ಫೆಬ್ರವರಿ, ಶನಿವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಬೆಳಗ್ಗೆ ಪ್ರಜ್ಞಾಳನ್ನು ಕರೆದುಕೊಂಡು ಸವದತ್ತಿಗೆ ಹೋದೆ. ಹೆಡ್‌ಬಾಯಿಯವರ ಕೋಣೆ. ಕಿಟಕಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯರ ತಲೆಗಳು. ಸಿ.ಡಿ. ಹಾಕಿದೆ. ಪ್ರಜ್ಞಾ ಪಕ್ಕದ ಕುರ್ಚಿಯಲ್ಲಿ ಕೂತು ಎಂದಿನಂತೆ ಓದತೊಡಗಿದಳು. ಕಿಟಕಿಯಲ್ಲಿ ಕಿಸಿಕಿಸಿ ನಗು. ಅನ್ನಪೂರ್ಣಾ ಬಾಯಿಯವರೂ ನಕ್ಕು, "ಈಕಿ ಯಾಕ್ರಿ ಒಂದನೇತ್ತೆ ಹುಡುಗೂರಂಗ ಓದಾಕತ್ತಾಳು?" ಎಂದರು. ಅಷ್ಟರಲ್ಲಿ ಗಂಟೆಯಾಗಿ ಎಲ್ಲರೂ ತರಗತಿಗೆ ಹೋದರು.

ನನಗೆ ಅವಮಾನವಾಯಿತು. ಮಾಸ್ತರನಿಗೆ ಹುಡುಗಿ ಓದಿ ಹೇಳಬೇಕೇ ಎಂದು ಅವರು ಅಂದುಕೊಂಡಿರಬಹುದು ಎನ್ನಿಸಿತು. ಪಾಲುಗಳ ಪಟ್ಟಿ ಪರದೆಗೆ ಬಂತು. ಪ್ರಜ್ಞಾ "ಸರ, ಇಲ್ಲಿ ಮೂರು ಸಾಲು ಅದಾವು, ಎರಡನೇದು..." ಎಂದಳು.

"ಗಪ್ಪ ಕುಂದ್ರು. ನನಗ ಬರತೈತಿ," ಎಂದೆ.

ನಮ್ಮ ಯಂತ್ರಗಳಲ್ಲೆಲ್ಲ ಎರಡನೆಯದೇ ಖಾಲಿ ಪಾಲು. ಕೆಳಗಿನ ಬಾಣ ಒಂದು ಸಲ. ಎಂಟರ್. ನಡುವೆ ಯಂತ್ರ ಏನೋ ಕೇಳಿತು, ಅದಕ್ಕೂ ಎಂಟರ್. ಪ್ರಜ್ಞಾ "ಸರ!" ಎಂದಳು. ಮುಗಿದಿತ್ತು.

ಎರಡನೆಯದು ಅವರ ಪದಗಳ ಪಾಲು. ಖಾಲಿ ಇದ್ದದ್ದು ಮೂರನೆಯದು.

ಅನ್ನಪೂರ್ಣಾ ಬಾಯಿಯವರು ಬಂದು ಹುಡುಕಿದರು. ಮತ್ತೆ ಮತ್ತೆ ಹುಡುಕಿದರು. ಫ್ಲಾಪಿಗಳನ್ನು ತೆಗೆದು ಹಾಕಿ ನೋಡಿದರು, ಅವು ಯಾವಾಗಲೋ ಹಾಳಾಗಿವೆ. ಧಾರವಾಡಕ್ಕೆ ಫೋನ್ ಹಚ್ಚಿದೆ. ಅದರ ಮೇಲೆ ಹೊಸದು ಬರೆದಾಗಿದ್ದರೆ ಏನೂ ಉಳಿದಿರುವುದಿಲ್ಲ ಎಂದ ಸುಭಾಸ. ಅವರು ಕುರ್ಚಿಯ ಮೇಲೆ ಕೂತುಬಿಟ್ಟರು. "ಹೆಂಗಾತಿದು? ಯಾರು ಮಾಡಿದ್ದಿದು?" ಎಂದರು.

"ನಾ ಸರಗ ತಪ್ಪ ಓದಿ ಹೇಳಿದ್ನಿರಿ ಅಕ್ಕಾರ," ಎಂದಳು ಪ್ರಜ್ಞಾ.

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ನಾನು ಬರಗೊಡಲಿಲ್ಲ.

"ನೀನs ಜೂನ್‌ದಾಗ ನಮ್ಮ ಹುಡುಗ್ಯಾರಿಗೆ ಕಲಸಾಕ ಬರಾಕಿ?" ಎಂದರು ಅವರು. ತಿರುಗಿ ಬರುವ ಬಸ್ಸಿನಲ್ಲಿ ಪ್ರಜ್ಞಾ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬೈಲಹೊಂಗಲದಲ್ಲಿ ಇಳಿಯುವಾಗ ಮೆಟ್ಟಿಲು ಬಂತೆಂದು ಮೆಲ್ಲಗೆ ಹೇಳಿದಳು.

೧೩ ಫೆಬ್ರವರಿ, ಭಾನುವಾರ

ಊಟ ಸೇರಲಿಲ್ಲ.

೧೭ ಫೆಬ್ರವರಿ, ಗುರುವಾರ

ಪ್ರಜ್ಞಾ ಈ ವಾರ ಬಂದೇ ಇಲ್ಲ. ಅಪ್ಪನ ಅಂಗಡಿಯಲ್ಲಿ ಕೆಲಸವಿರಬೇಕು.

ಹೊಸಬರಲ್ಲಿ ಒಬ್ಬಳು "ಸರ, ಇದೇನೋ ಕೆಂಪಗ ಬಂದೈತಿ ನೋಡ್ರಿ" ಎಂದಳು. ಹೋಗಿ ನಿಂತೆ. ಕೆಂಪು ಎಲ್ಲಿದೆ? ಪರದೆಯ ನಡುವೆ ಹೊಗೆಯಂಥ ಬೆಳಕು ಕಂಡಿತು, ಅಷ್ಟೇ. "ನೀನs ಓದಿ ಹೇಳು, ಕಲಿಯೋರು ನೀವೋ ನಾನೋ" ಎಂದು ಗದರಿದೆ. ಆಕೆ ಹೆದರಿ ತಡವರಿಸಿ ಓದಿದಳು. ಫೂಟಪಟ್ಟಿಗೆ ಕೈ ಹಾಕಿದರೆ ಅದು ಎಲ್ಲಿಟ್ಟಿದ್ದೆನೋ ಸಿಗಲಿಲ್ಲ. ಹಾಗೇ ಪಾಠ ಮುಗಿಸಿದೆ.

ನಾನು ಏಟು ಕೊಡದಿದ್ದರೂ ಇಂದು ಯಾರೂ ಬೆರಳು ನೋಡಿ ಟೈಪ್ ಮಾಡಲಿಲ್ಲವಂತೆ. ಕಲ್ಮೇಶ ಹೇಳಿದ. ಹಾಗಿರಲಿಕ್ಕಿಲ್ಲ.

ಎಲ್ಲರೂ ಹೋದ ಮೇಲೆ ಕನ್ನಡದ ಕೀಲಿಗಳನ್ನು ಅಭ್ಯಾಸ ಮಾಡುತ್ತ ಕೂತೆ. ಟೈಪ್‌ರೈಟರಿನಲ್ಲಿ ಇದ್ದ ಜಾಗದಲ್ಲಿ ಲಿನಕ್ಸಿನಲ್ಲಿ ಅಕ್ಷರಗಳಿಲ್ಲ. ಬೆರಳುಗಳು ಹಳೆಯ ಮನೆಯ ಬಾಗಿಲಿಗೇ ಹೋಗುತ್ತವೆ. ಒಬ್ಬ ಹೊಸಬನಿಗೆ ಎಷ್ಟು ಸಿಟ್ಟು, ಎಷ್ಟು ನಾಚಿಕೆ ಆಗುತ್ತದೆ ಎಂದು ನನಗೆ ಮರೆತೇಹೋಗಿತ್ತು.

೨೨ ಫೆಬ್ರವರಿ, ಮಂಗಳವಾರ

ಪ್ರಜ್ಞಾಳ ಅಪ್ಪ ಸತ್ಯಪ್ಪ ಬಂದಿದ್ದ. ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದು ಎರಡು ಸಲ ಹೇಳಬೇಕಾಯಿತು. ಕೂತರೂ ಕುರ್ಚಿಯ ತುದಿಗೆ ಕೂತ. ಮಗಳಿಗೆ ಕೊಟ್ಟಿದ್ದ ಲಿನಕ್ಸ್ ಸಿ.ಡಿ.ಯನ್ನೂ, ಅವಳ ಮುಸುಕಿನ ಬಟ್ಟೆಯನ್ನೂ ಮೇಜಿನ ಮೇಲಿಟ್ಟ. ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿಸಿ ತಂದಿದ್ದ.

"ಮಗಳು ದೊಡ್ಡ ತಪ್ಪ ಮಾಡ್ಯಾಳಂತ್ರಿ ಸರ. ನಿಮ್ಮ ಹೆಸರಿಗೆ ಮಸಿ ಹಚ್ಚಿದೆ ಅಂತ ಅಳತಾಳ. ಹೊಟ್ಯಾಗ ಹಾಕ್ಕೋರಿ."

ನಾನು ಏನು ಹೇಳಿದೆ? "ಚಹಾ ಕುಡೀರಿ" ಎಂದೆ.

"ಅಂಥಾ ಸಾಲ್ಯಾಗ ನಮ್ಮ ಹುಡುಗಿ ಟೀಚರ್ ಆಗತಾಳ ಅಂತ ನೀವ ಹೆಸರ ಹೇಳಿದ್ರಿ. ಅಷ್ಟ ಸಾಕ್ರಿ. ನಮ್ಮ ಓಣಿಯೊಳಗ ಈ ಮೊದಲ ಅಂಥಾ ಮಾತ ಯಾರೂ ಆಡಿದ್ದಿಲ್ಲ." ಚಹಾ ಕುಡಿದು, ಬಸಿಯನ್ನು ತಾನೇ ತೊಳೆದಿಡಲು ಎದ್ದ. ನಾನು ಅವನ ಕೈಯಿಂದ ಕಸಿದುಕೊಂಡೆ.

ಅವನು ಇಳಿದು ಹೋದ ಸಪ್ಪಳ ನಿಂತ ಮೇಲೂ ಬಸಿ ಹಿಡಿದು ನಿಂತೇ ಇದ್ದೆ. ನನ್ನ ತಪ್ಪಿಗೆ ಅವನು ನನ್ನ ಮುಂದೆ ಕ್ಷಮೆ ಕೇಳಿ ಹೋದ. ನಾನು ಕೇಳಿಸಿಕೊಂಡೆ. ನನಗಿಂತ ಹೇಸಿ ಮನುಷ್ಯ ಈ ಪೇಟೆಯಲ್ಲಿ ಇಂದು ಯಾರೂ ಇಲ್ಲ.

ಸಂಜೆ ಚನ್ನವ್ವಳಿಗೆ ಹೇಳಿದೆ. ಕಣ್ಣಿನ ಮಾತನ್ನೂ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಸುಣ್ಣ ಯಾಕ ಬಳದಿದ್ದೆ ಅಂತ ತಿಳಕೊಂಡಿದ್ರಿ?" ಎಂದಳು.

೨೬ ಫೆಬ್ರವರಿ, ಶನಿವಾರ

ಬಸ್ ಸ್ಟ್ಯಾಂಡಿನಲ್ಲಿ ನಿಂತು, ಪಕ್ಕದವನಿಗೆ "ಇದು ಯಾವ ಊರ ಬಸ್ರಿ? ನನಗ ಬೋರ್ಡ ಕಾಣಂಗಿಲ್ಲ" ಎಂದು ಕೇಳಿದೆ. ಆತ ಸವದತ್ತಿ ಎಂದ, ತೋಳು ಹಿಡಿದು ಹತ್ತಿಸಿದ. ಇಷ್ಟೇ ಇತ್ತು. ಹುಣ್ಣಿಮೆಯ ಮಂದಿ ಇನ್ನೂ ದೇವಿಯ ಗುಡ್ಡಕ್ಕೆ ಹೋಗುತ್ತಿದ್ದರು, ಬಸ್ಸು ತುಂಬಿತ್ತು. ಒಬ್ಬ ಮುದುಕಿ ತನ್ನ ಗಂಟು ನನ್ನ ತೊಡೆಯ ಮೇಲಿಟ್ಟು ನಿದ್ದೆ ಹೋದಳು. ಇಳಿಯುವ ಹೊತ್ತಿಗೆ ನನ್ನ ಧೋತರವೆಲ್ಲ ಅರಿಷಿಣದ ಭಂಡಾರ.

ಅನ್ನಪೂರ್ಣಾ ಬಾಯಿಯವರ ಕೋಣೆಯಲ್ಲಿ ನಿಂತೇ ಹೇಳಿದೆ. ಕೂತರೆ ಹೇಳಲಾಗುತ್ತಿರಲಿಲ್ಲ.

"ಅಕ್ಕಾರ, ಆ ಕೀಲಿ ಒತ್ತಿದಾಂವ ನಾನು. ಹುಡುಗಿ ಸರೀ ಓದಾಕತ್ತಿದ್ಲು. ನಾನs ಗಪ್ಪ ಕುಂದ್ರು ಅಂದೆ. ನನ್ನ ಕಣ್ಣು ಹೊಂಟಾವ. ಪರದಿ ಮ್ಯಾಲಿಂದು ನನಗ ಕಂಡಿದ್ದಿಲ್ಲ."

ಅವರು ಸಮಾಧಾನ ಹೇಳುತ್ತಾರೆಂದು ಒಳಗೊಳಗೇ ಆಸೆಯಿತ್ತು, ಸುಳ್ಳು ಏಕೆ ಹೇಳಲಿ.

"ಕಣ್ಣಿಂದು ದೇವರಿಚ್ಛಾ ಇರಬೌದ್ರಿ ಮಾಸ್ತರ," ಎಂದರು. "ಆದ್ರ ಹುಡುಗಿ ಮ್ಯಾಲ ಹಾಕಿ ಇಷ್ಟ ದಿವಸ ಹೆಂಗ ಉಂಡ್ರಿ?"

"ಉಂಡಿಲ್ರಿ ಸರಿಯಾಗಿ."

"ಆಕಿನೂ ಉಂಡಿರಾಕಿಲ್ಲ."

ಇನ್ನು ಮುಂದೆ ಶಾಲೆಯ ಯಂತ್ರಗಳನ್ನು ನಾನು ಮುಟ್ಟಬಾರದು ಎಂದರು. ಒಪ್ಪಿದೆ. ಪ್ರಜ್ಞಾ ಬಂದು ಹಾಕಿಕೊಡಲಿ, ಜೂನ್‌ನಿಂದ ಅವಳೇ ಬರಲಿ ಎಂದರು. ನಾನು ಕೈ ಮುಗಿದೆ. ಹೊರಡುವಾಗ, ಲಗಮವ್ವ ಇನ್ನೂ ಹಾಡುತ್ತಾಳೆಯೇ ಎಂದು ಕೇಳಿದೆ. ಆಕೆ ಹಾಡಿದರೆ ನಾನು ಕೇಳುತ್ತ ಕೇಳುತ್ತ ಟೈಪ್ ಹೊಡೆಯಬಲ್ಲೆ, ಅದಕ್ಕೆ ಕಣ್ಣು ಬೇಡ ಎಂದೆ. ಅವರು ಬಾಗಿಲ ತನಕ ಬಂದರು, ಆದರೆ ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

೨೭ ಫೆಬ್ರವರಿ, ಭಾನುವಾರ

ನೇಸರಗಿ. ಸತ್ಯಪ್ಪನ ಅಂಗಡಿಯ ಮುಂದೆ, ಅವನು ಟ್ಯೂಬಿಗೆ ಪಂಕ್ಚರ್ ಹಚ್ಚುತ್ತಿರುವಾಗಲೇ, ಪ್ರಜ್ಞಾಳನ್ನು ಕರೆಸಿ ಅವಳೆದುರೇ ಎಲ್ಲ ಹೇಳಿದೆ. ಸತ್ಯಪ್ಪನ ಕೈ ನಿಂತಿತು. ಒಳಗೆ ಬನ್ನಿ ಎಂದು ಅವನು ಅನ್ನಲಿಲ್ಲ. ನನಗೆ ಅದು ಸರಿ ಅನ್ನಿಸಿತು.

"ನನಗ ಗೊತ್ತಿತ್ರಿ ಸರ," ಎಂದಳು ಪ್ರಜ್ಞಾ.

"ಯಾವಾಗಿಂದ?"

"ಮೊದಲನೇ ದಿವಸದಿಂದ. ಕೈ ಎತ್ತಿ ಕುಂತಾಗ ನೀವು ನನ್ನ ಕಡೆನs ನೋಡಿ ಗೈರುಹಾಜರಿ ಹಾಕಿದ್ರಿ."

"ಮತ್ತ ಆ ಗಟ್ಟ್ಯಾಗಿ ಓದೋದು?"

ಆಕೆ ಅಪ್ಪನ ಪಂಪನ್ನು ಎತ್ತಿ ಬದಿಗಿಟ್ಟಳು. ಕಲ್ಮೇಶನಿಗೂ ಗೊತ್ತಿತ್ತಂತೆ. ಫೂಟಪಟ್ಟಿ ಅಡಗಿಸಿಟ್ಟವನೂ ಅವನೇ. ನನ್ನ ತರಗತಿಯಲ್ಲಿ ನನ್ನ ಗುಟ್ಟು ಗೊತ್ತಿಲ್ಲದೇ ಇದ್ದವನು ನಾನೊಬ್ಬನೇ.

"ಸವದತ್ತ್ಯಾಗ ಯಾಕ ಸುಳ್ಳ ಹೇಳಿದಿ ಪ್ರಜ್ಞಾ?"

"ನೀವು ಮಾಸ್ತರಕಿ ಬಿಟ್ರ ನಮಗ್ಯಾರು ಕಲಸ್ತಾರ್ರಿ? ಆದ್ರ," ಎಂದು ತುಸು ತಡೆದಳು, "ನೀವು ಒಂದು ಮಾತು ಆಡತೀರಿ ಅಂತ ತಿಳಕೊಂಡಿದ್ದೆ. ಬಸ್ನ್ಯಾಗ ಬರೂತನಕನೂ ತಿಳಕೊಂಡಿದ್ದೆ."

ಫೂಟಪಟ್ಟಿಯ ಏಟು ಹೇಗಿರುತ್ತದೆ ಎಂದು ಇಂದು ಗೊತ್ತಾಯಿತು.

೬ ಮಾರ್ಚ್, ಭಾನುವಾರ

ಅನ್ನಪೂರ್ಣಾ ಬಾಯಿಯವರ ಚೀಟಿ ಬಂದು, ಇಂದು ನಾನು, ಪ್ರಜ್ಞಾ, ಕಲ್ಮೇಶ ಸವದತ್ತಿಗೆ ಹೋದೆವು. ಲಗಮವ್ವ ಶಾಲೆಗೆ ಬಂದು ಬಾಯಿ ತೆರೆದರೆ ಒಂದು ಪದವೂ ಬರಲಿಲ್ಲವಂತೆ. "ಕಲ್ಲಿಗಿ ಕೈ ಹಚ್ಚಲಿಲ್ಲಂದ್ರ ಪದ ಹೆಂಗ ಬರತಾವಬೇ?" ಎಂದಳಂತೆ. ಬೀಸುಕಲ್ಲು ಅವಳ ಮನೆಯ ನೆಲಕ್ಕೆ ಕೂತಿದೆ, ಏಳುವುದಿಲ್ಲ. ಹಾಗಾಗಿ ಕಂಪ್ಯೂಟರೇ ಕಲ್ಲಿನ ಬಳಿಗೆ ಹೋಗಬೇಕಾಯಿತು. ನನ್ನ ಇನ್‌ಸ್ಟಿಟ್ಯೂಟಿನ ಒಂದು ಯಂತ್ರವನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದೆವು, ಮಾನಿಟರನ್ನು ಕಲ್ಮೇಶ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ. ಕರೆಂಟು ನೆರೆಮನೆಯಿಂದ.

ಲಗಮವ್ವ ಜೋಳ ಹಾಕಿ ಕಲ್ಲು ತಿರುವಿದಳು. ಸ್ವಲ್ಪ ಹೊತ್ತು ಬರಿಯ ಕಲ್ಲಿನ ಸಪ್ಪಳ. ಆಮೇಲೆ ಪದ ಬಂತು. ಅಣ್ಣನ ಬಂಡಿಯ ದಾರಿ ಕಾಯುವ ತಂಗಿಯ ಪದ. ನಾನು ಹೊಡೆಯುತ್ತ ಹೋದೆ. ಮೊದಲು ಬೆರಳು ತಪ್ಪಿದವು, ಅವಳ ತಿರುವಿಗೆ ಹೊಂದಿಕೊಂಡ ಮೇಲೆ ಓಡಿದವು. ಒಂದು ಪದ ಮುಗಿದ ಕೂಡಲೇ ಪ್ರಜ್ಞಾ ಪರದೆ ನೋಡಿ ಗಟ್ಟಿಯಾಗಿ ಓದುತ್ತಿದ್ದಳು. "ಹಂಗಲ್ಲ, ಅಲ್ಲಿ ಬಂಡಿ ಗಾಲಿ ಅನ್ನಬೇಕು" ಎಂದು ಲಗಮವ್ವ ತಿದ್ದುತ್ತಿದ್ದಳು. ಅನ್ನಪೂರ್ಣಾ ಬಾಯಿಯವರು ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು.

ನಡುವೆ ಕಲ್ಲು ನಿಂತಿತು.

"ತಮ್ಮಾ, ನೀ ಆ ಡಬ್ಬಿ ಕಡಿ ಹೊಳ್ಳಿ ನೋಡವಲ್ಲಿ. ಕಣ್ಣು ಹೋಗ್ಯಾವೇನು?"

ಕೀಲಿಗಳ ಮೇಲಿಂದ ಬೆರಳು ತೆಗೆದು ಅವಳ ದನಿಯತ್ತ ತಿರುಗಿದೆ.

"ಹೊಂಟಾವಬೇ," ಎಂದೆ.

"ನಾವೂ ನಸುಕಿನ್ಯಾಗನ ಬೀಸತಿದ್ವಿ. ದೀಪಕ್ಕ ಎಣ್ಣಿ ಎಲ್ಲಿಂದ ಬರಬೇಕು? ಹಿಟ್ಟೇನು ಸಣ್ಣಗ ಬೀಳತಿದ್ದಿಲ್ಲೇನು?" ಎಂದು ಮತ್ತೆ ಕಾಳು ಹಾಕಿದಳು.

ಎಲ್ಲ ಪದಗಳೂ ಬರಲಿಲ್ಲ. ಹಲವು ಅವಳಿಗೂ ಮರೆತಿವೆ. ಅನ್ನಪೂರ್ಣಾ ಬಾಯಿಯವರು ಒಂದೊಂದರ ಹೆಸರು ಹೇಳಿ ಕೇಳುತ್ತಿದ್ದರು, ಆಕೆ "ಅದು ಹೋತವಾ" ಎನ್ನುತ್ತಿದ್ದಳು. ಅವು ನಾನು ಅಳಿಸಿದವು. ಎಷ್ಟು ಬೀಸಿದರೂ ಅವು ತಿರುಗಿ ಬರುವುದಿಲ್ಲ.

೧೪ ಮಾರ್ಚ್, ಸೋಮವಾರ

ಇದನ್ನು ಪುಸ್ತಕದಲ್ಲಿ ಬರೆಯುತ್ತಿಲ್ಲ. ಪುಸ್ತಕದಲ್ಲಿ ನನ್ನ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿವೆಯೆಂದು ಚನ್ನವ್ವ ಹೇಳಿದಳು. ಇನ್‌ಸ್ಟಿಟ್ಯೂಟಿನಲ್ಲಿ, ಕಿಟಕಿಯ ಪಕ್ಕದ ಯಂತ್ರದ ಮೇಲೆ, ಲಿನಕ್ಸಿನಲ್ಲಿ ಹೊಡೆಯುತ್ತಿದ್ದೇನೆ. ಮೂಡುತ್ತಿದೆಯೋ ಇಲ್ಲವೋ ನನಗೆ ಕಾಣುವುದಿಲ್ಲ. ನಂಬಿ ಹೊಡೆಯುತ್ತಿದ್ದೇನೆ.

ಹುಬ್ಬಳ್ಳಿಗೆ ಹೋಗಿ ಬಂದೆವು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಯ್ದುಕೊಳ್ಳಬೇಕು ಎಂದರು ಡಾಕ್ಟರು. ಹಿಂದೆಯೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದೂ ಹೇಳಿದರು. ಚನ್ನವ್ವ ಬಸ್ಸಿನಲ್ಲಿ ನನ್ನ ಕೈ ಹಿಡಿದು ಕೂತಳು, ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ಹಾಗೆ ಹಿಡಿದವಳಲ್ಲ. ನನಗೆ ಬಹಳ ಹೆದರಿಕೆಯಾಗಿದೆ. ಇದನ್ನೂ ಬರೆದಿಡುತ್ತೇನೆ.

ಹೊಸ ತಂಡ ಬಂದಿದೆ. ಇಂದು ಒಬ್ಬಾಕೆ ಪರದೆಯಲ್ಲಿ ಏನೋ ಬಂತೆಂದು ಕರೆದಳು. "ನನಗೂ ಗೊತ್ತಿಲ್ಲವಾ, ಓದು, ಇಬ್ಬರೂ ನೋಡೂಣು," ಎಂದೆ. ಕಲ್ಮೇಶ ಫೂಟಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟು ಹೋಗಿದ್ದಾನೆ, ಗೆರೆ ಹೊಡೆಯಲು ಬೇಕಾದವರು ಒಯ್ಯಲಿ. ಪ್ರಜ್ಞಾ ಜೂನ್‌ವರೆಗೆ ಇಲ್ಲಿಯೇ ಹೊಸಬರಿಗೆ ಹೇಳಿಕೊಡುತ್ತಾಳೆ. ಮೊದಲಿನಷ್ಟು ಮಾತಾಡುವುದಿಲ್ಲ. ನನ್ನ ಬಳಿ ಕೂತರೂ ನಡುವೆ ಒಂದು ಕುರ್ಚಿ ಬಿಟ್ಟು ಕೂರುತ್ತಾಳೆ. ಅದು ನಾನು ಗಳಿಸಿದ್ದು.

ಈಗ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಅವಳದೇ. ಚೀಲ ಮರೆತು ಹೋಗಿದ್ದಳಂತೆ. ಚೀಲ ತೆಗೆದುಕೊಂಡವಳು ಹೋಗದೆ ನನ್ನ ಹಿಂದೆ ನಿಂತಿದ್ದಾಳೆ.

"ಇದೇನ್ರಿ ಸರ, ಪಾಠ?"

"ಅಲ್ಲ. ನನ್ನ ದಿನಚರಿ."

"ಮೂರನೇ ಸಾಲಿನ್ಯಾಗ ಒಂದು ಅಕ್ಷರ ತಪ್ಪೇತ್ರಿ." ಸ್ವಲ್ಪ ತಡೆದು ಕೇಳಿದಳು. "ಓದ್ಲ್ಯಾ?"

ಯಾರಿಗೂ ತೋರಿಸಬಾರದೆಂದು ಬರೆದದ್ದು ಇದು. ಇದರಲ್ಲಿ ನನ್ನ ಹೆದರಿಕೆ ಇದೆ, ಅವಳ ಹೆಸರಿದೆ, ಆ ಖಾಲಿ ಕುರ್ಚಿಯೂ ಇದೆ.

"ಓದು," ಎಂದೆ. "ಮೊದಲಿನಿಂದ. ಗಟ್ಟ್ಯಾಗಿ ಓದು."

ಕುರ್ಚಿ ಎಳೆದ ಸಪ್ಪಳ. ಪಕ್ಕದಲ್ಲೇ ಕೂತಳು.